ಚಿತ್ರಕ್ಕೊಂದು ಪರದೆ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಎಲ್ಲರ ಬಾಯಲ್ಲಿಯೂ ಇದೆ. ಆದರೆ ಅಂಗಡಿಯ ಮುಂದೆ ನಿಂತ ಸಂಸಾರಿಗನಿಗೆ ಅದು ಸಮಯಕ್ಕೆ ನೆನಪಾಗುವುದು ಅಪೂರ್ವ. ರೂಪದಲ್ಲಿ ಒಂದಾಗಿದ್ದು ಗುಣದಲ್ಲಿ ಬೇರೆಯಾಗಿರುವ ವಸ್ತುಗಳು ಅವನನ್ನು ಕಾಡುವಷ್ಟು ಮತ್ತಾವುವೂ ಕಾಡವು. ಈ ಕಾಲದಲ್ಲಿ ಇಂತಹ ಮರುಳನ್ನು ಹುಟ್ಟಿಸುವ ಜೋಡಿಗಳಲ್ಲಿ ಟೆಲಿವಿಷನ್ನೂ ಕಂಪ್ಯೂಟರಿನ ಮಾನಿಟರೂ ಮುಖ್ಯವಾದುವು. ಎರಡೂ ಚಪ್ಪಟೆಯಾದ ಕರಿಯ ಹಲಗೆಗಳು. ಎರಡಕ್ಕೂ ಒಂದೇ ವಿದ್ಯುತ್ತು, ಒಂದೇ ಎಚ್‌ಡಿಎಂಐ ತಂತಿ. ಗುಂಡಿಯೊತ್ತಿದರೆ ಎರಡೂ ಬೆಳಗುತ್ತವೆ. ಬೆಲೆಯ ಚೀಟಿಯನ್ನು ನೋಡಿದಾಗ ಮಾತ್ರ ಆಶ್ಚರ್ಯವಾಗುತ್ತದೆ: ಒಳ್ಳೆಯ ಮಾನಿಟರೊಂದಕ್ಕೆ ತೆರಬೇಕಾದ ಹಣದಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಟೆಲಿವಿಷನ್ ಮನೆಗೆ ಬರುತ್ತದೆ. ಹೀಗಿರಲು, ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರು ಇರುವ ಮನೆಯಲ್ಲಿ 'ಚಿಕ್ಕದಕ್ಕೆ ಹೆಚ್ಚು ಹಣವೇತಕ್ಕೆ?' ಎಂಬ ಪ್ರಶ್ನೆ ಏಳುವುದು ನ್ಯಾಯವೇ ಸರಿ.

ಹುಟ್ಟನ್ನು ವಿಚಾರಿಸಿ ನೋಡಿದರೂ ಈ ಎರಡಕ್ಕೆ ದೂರವಿಲ್ಲ. ಪರದೆಯ ಮೇಲೆ ಕಾಣುವ ಯಾವ ಬಣ್ಣವೇ ಆಗಲಿ, ಅದು ಕೆಂಪು, ಹಸುರು, ನೀಲಿ ಎಂಬ ಮೂರು ಬೆಳಕುಗಳ ಬೆರಕೆ. ಆ ಮೂರು ಮೂಲವರ್ಣಗಳು ಎಂತಹವಾಗಿರಬೇಕು, ಬಿಳುಪೆಂದರೆ ಯಾವ ಬಿಳುಪು ಎಂಬುದನ್ನು ಹೈ ಡೆಫಿನಿಷನ್ ಟೆಲಿವಿಷನ್ನಿಗಾಗಿ ರೆಕ್ ೭೦೯ ಎಂಬ ಅಂತರರಾಷ್ಟ್ರೀಯ ವಿಧಿಯೊಂದು ೧೯೯೦ರಲ್ಲಿ ಗೊತ್ತುಮಾಡಿತು. ೧೯೯೬ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಕಂಪ್ಯೂಟರಿಗಾಗಿ ಎಸ್‌ಆರ್‌ಜಿಬಿ ಎಂಬ ವರ್ಣವ್ಯವಸ್ಥೆಯನ್ನು ಸೂಚಿಸಿದಾಗ ಅದೇ ಮೂಲವರ್ಣಗಳನ್ನೂ ಅದೇ ಬಿಳುಪನ್ನೂ ಇರಿಸಿಕೊಂಡವು. ೧೯೯೯ರಲ್ಲಿ ಅದಕ್ಕೂ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಆದಕಾರಣ ಇವೆರಡೂ ಒಂದೇ ಕುಲದವು. ಭೇದವೇನಿದ್ದರೂ ಬೆಳೆದ ರೀತಿಯಲ್ಲಿ, ಕಲಿತ ನಡತೆಯಲ್ಲಿ.

ಟೆಲಿವಿಷನ್ ಬೆಳೆದದ್ದು ಮನೆಯ ನಡುಕೋಣೆಯಲ್ಲಿ. ಎಂಟು ಹತ್ತು ಅಡಿ ದೂರದಲ್ಲಿ, ಹಗಲಿನ ದುಡಿಮೆಯಿಂದ ಬಳಲಿ ಕುಳಿತವರ ಕಣ್ಣಿಗೆ ಹಿತವಾಗುವಂತೆ ಕಾಣಿಸಿಕೊಳ್ಳುವುದು ಅದರ ಧರ್ಮ. ಪ್ರಸಾರದಲ್ಲಿ ಮಿತವ್ಯಯ ಬೇಕಾದುದರಿಂದ, ಮನುಷ್ಯನ ಕಣ್ಣು ಬೆಳಕು ನೆರಳುಗಳ ಸೂಕ್ಷ್ಮವನ್ನು ಗುರುತಿಸುವಷ್ಟು ಚೆನ್ನಾಗಿ ಬಣ್ಣಗಳ ಸೂಕ್ಷ್ಮವನ್ನು ಗುರುತಿಸಲಾರದೆಂಬುದನ್ನು ಕಂಡುಕೊಂಡವರು, ಚಿತ್ರದ ಬೆಳಕನ್ನು ಪೂರ್ತಿಯಾಗಿಯೂ ಬಣ್ಣವನ್ನು ಕಡಮೆಯಾಗಿಯೂ ಕಳುಹಿಸುವ ಪದ್ಧತಿಯನ್ನು ಹಾಕಿದರು. ಹಳೆಯ ಗಾಜಿನ ಕೊಳವೆಯ ಟೆಲಿವಿಷನ್ನುಗಳಲ್ಲಿ ಅಂಚು ಸಮನಾಗಿ ಬರುತ್ತಿರಲಿಲ್ಲವಾಗಿ, ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುವ ರೂಢಿ ಬಂದಿತು. ಕೊಳವೆ ಹೋದರೂ ರೂಢಿ ಪೂರ್ತಿಯಾಗಿ ಹೋಗಲಿಲ್ಲ. ಇದರ ಮೇಲೆ ಅಂಗಡಿಯ ಸ್ಪರ್ಧೆ ಬೇರೆ. ಸಾಲಾಗಿ ನಿಂತ ಹಲವು ಟೆಲಿವಿಷನ್ನುಗಳಲ್ಲಿ ಹೆಚ್ಚು ಹೊಳೆಯುವುದೇ ಮಾರಾಟವಾಗುವುದು. ಆದುದರಿಂದ ಆಕಾಶವನ್ನು ಇನ್ನಷ್ಟು ನೀಲಿ ಮಾಡುವುದು, ಮುಖಕ್ಕೆ ಕೆಂಪೇರಿಸುವುದು, ಗೆರೆಗಳ ಬದಿಗೆ ಸಾಣೆ ಹಿಡಿಯುವುದು, ಎರಡು ಚಿತ್ರಗಳ ನಡುವೆ ಇಲ್ಲದ ಮೂರನೆಯದನ್ನು ತಾನೇ ಊಹಿಸಿ ತುಂಬುವುದು ಇವೆಲ್ಲ ಅದಕ್ಕೆ ಸ್ವಭಾವವಾಗಿಬಿಟ್ಟಿವೆ. ನೋಡುವವನಿಗೆ ಇದರಿಂದ ಕೇಡಿಲ್ಲ, ಬಹುಮಟ್ಟಿಗೆ ಸಂತೋಷವೇ. ಚಿತ್ರವನ್ನು ಬರೆಯುವವನ ಗತಿಯೇ ಬೇರೆ.

ಅದು ಹೇಗೆಂಬುದು ಮೈಸೂರಿನ ಒಂದು ಸಂಸಾರದ ಅನುಭವದಿಂದ ಸ್ಪಷ್ಟವಾದೀತು. ಆ ಮನೆಯ ಯಜಮಾನರು ಹೈಸ್ಕೂಲಿನಲ್ಲಿ ಬಹುಕಾಲ ಡ್ರಾಯಿಂಗ್ ಮೇಷ್ಟರಾಗಿದ್ದು ನಿವೃತ್ತರಾದವರು. ಮಗಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾಳೆ. ಕಾಗದ ಕುಂಚಗಳ ಗೊಡವೆ ಅವಳಿಗಿಲ್ಲ. ಮೇಜಿನ ಮೇಲೆ ಸ್ಲೇಟಿನಂತಹ ಒಂದು ಕರಿಯ ಫಲಕ, ಕೈಯಲ್ಲಿ ಮಸಿಯಿಲ್ಲದ ಲೇಖನಿ. ಕೈ ಇಲ್ಲಿ ಆಡಿದರೆ ಗೆರೆ ಅಲ್ಲಿ, ಲ್ಯಾಪ್‌ಟಾಪಿನ ಪುಟ್ಟ ಪರದೆಯ ಮೇಲೆ ಮೂಡುತ್ತದೆ. ಬಣ್ಣ ಕಲಸದ ಕೈ ಚಿತ್ರಗಾರನ ಕೈಯೆ ಎಂದು ಮೇಷ್ಟರು ಮೊದಮೊದಲು ಗೊಣಗಿಕೊಂಡದ್ದುಂಟು. ಮಗಳ ಗೆರೆಯಲ್ಲಿ ತಮ್ಮದೇ ಗೆರೆಯ ಬಳುಕನ್ನು ಒಂದು ದಿನ ಗುರುತಿಸಿದ ಮೇಲೆ ಆ ಮಾತು ನಿಂತಿತು.

ಅವಳು ಚಿತ್ರ ಬರೆದ ಮೊದಲನೆಯ ದೊಡ್ಡ ಪುಸ್ತಕ ಗೂಬೆಯ ಮರಿಯೊಂದರ ಕಥೆ. ಚಂದ್ರನಿಲ್ಲದ ರಾತ್ರಿ, ಹುಣಿಸೆಯ ಮರದ ಪೊಟರೆಯಲ್ಲಿ ಮರಿ, ಕೊಂಬೆಗಳ ಸಂದಿಯಲ್ಲಿ ಒಂದರಿಂದೊಂದು ತುಸುವೇ ಬೇರೆಯಾದ ಏಳು ನೀಲಿಗಳು. ಆ ಒಂದು ಪುಟಕ್ಕೆ ಅವಳು ಮೂರು ವಾರ ದುಡಿದಳು. ಪುಸ್ತಕ ಅಚ್ಚಾಗಿ ಬಂದಾಗ ಆ ಪುಟ ಕರಿಯ ಮಸಿ ಚೆಲ್ಲಿದಂತಿತ್ತು. ಪಕ್ಕದ ಮನೆಯ ಹುಡುಗ ಪುಟವನ್ನು ಹಿಂದು ಮುಂದಾಗಿ ತಿರುಗಿಸಿ ನೋಡಿ, 'ಮರಿ ಎಲ್ಲಿ?' ಎಂದು ಕೇಳಿದ. ಪ್ರಕಾಶಕರು ಕೋಪಮಾಡಲಿಲ್ಲ, ಅಚ್ಚಿಗೆ ಒಗ್ಗುವ ಬಣ್ಣಗಳಲ್ಲಿ ಆ ಪುಟವನ್ನು ಹೊಸದಾಗಿ ಮಾಡಿಕೊಟ್ಟರೆ ಎರಡನೆಯ ಮುದ್ರಣಕ್ಕೆ ಸೇರಿಸುವುದಾಗಿಯೂ, ಅದನ್ನು ನೋಡಿಕೊಂಡು ಮುಂದಿನ ಪುಸ್ತಕದ ಮಾತನ್ನು ಆಡುವುದಾಗಿಯೂ ಸೌಜನ್ಯದಿಂದ ಬರೆದರು. ಸೌಜನ್ಯದ ಒಳಗಿದ್ದ ಅರ್ಥ ಅವಳಿಗೆ ತಿಳಿಯದೆ ಇರಲಿಲ್ಲ. ಆ ರಾತ್ರಿ ಅವಳು ಊಟಕ್ಕೆ ಏಳಲಿಲ್ಲ.

ತಪ್ಪು ಅಚ್ಚುಕೂಟದ್ದೂ ಅಲ್ಲ, ಅವಳ ಕೈಯದೂ ಅಲ್ಲ. ಪರದೆ ತಾನೇ ಬೆಳಗುವ ವಸ್ತು. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನು ಮರಳಿಸುವ ವಸ್ತು. ಲ್ಯಾಪ್‌ಟಾಪಿನ ಬೆಳಕನ್ನು ಪೂರ್ತಿಯಾಗಿ ಏರಿಸಿಕೊಂಡು ಚಿತ್ರ ಬರೆದರೆ ಕತ್ತಲೆಯ ಬಣ್ಣಗಳೂ ಬೆಳಗಿ ಕಾಣುತ್ತವೆ; ಹಾಗೆ ಕಂಡದ್ದನ್ನು ನಂಬಿದ ಕೈ ಅವನ್ನು ಇನ್ನೂ ಕಪ್ಪಾಗಿಯೇ ಹಾಕುತ್ತದೆ. ಅಚ್ಚಿಗಾಗಿ ದುಡಿಯುವವರು ಪರದೆಯ ಬೆಳಕನ್ನು ಚದರ ಮೀಟರಿಗೆ ೮೦ರಿಂದ ೧೨೦ ಕ್ಯಾಂಡೆಲಾಗಳ ಒಳಗೆ ಇಟ್ಟುಕೊಳ್ಳುವುದು ಈ ಕಾರಣದಿಂದಲೇ. ಟೆಲಿವಿಷನ್ನುಗಳ ಬೆಳಕಾದರೋ ಇದರ ಹಲವು ಮಡಿ.

ಕಣ್ಣನ್ನೇ ಕೇಳಿ ತಿಳಿಯೋಣವೆಂದರೆ ಅದೂ ಒಳ್ಳೆಯ ಸಾಕ್ಷಿಯಲ್ಲ. ಪ್ಯಾರಿಸ್ಸಿನ ಗೋಬೆಲೇನ್ ನೆಯ್ಗೆಶಾಲೆಯಲ್ಲಿ ಬಣ್ಣದ ಇಲಾಖೆಯ ಮುಖ್ಯಸ್ಥನಾಗಿದ್ದ ಶೆವ್ರೋಲ್ ಎಂಬ ರಸಾಯನಶಾಸ್ತ್ರಜ್ಞನಿಗೆ, ಅಲ್ಲಿಯ ಕರಿಯ ನೂಲು ಮಂಕಾಗಿದೆಯೆಂಬ ದೂರು ಬಂದಿತು. ಪರೀಕ್ಷಿಸಿ ನೋಡಿದಾಗ ನೂಲಿನ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೆಯ್ದ ಬಣ್ಣಗಳ ದೆಸೆಯಿಂದ ಕಪ್ಪು ಹಾಗೆ ಕಾಣುತ್ತಿತ್ತು. ೧೮೩೯ರಲ್ಲಿ ಅವನು ಈ ವಿಷಯವಾಗಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಕಣ್ಣು ತನ್ನ ಮುಂದಿರುವುದಕ್ಕೆ ಬೇಗ ಹೊಂದಿಕೊಳ್ಳುತ್ತದೆ. ಹಳದಿಯ ಬಿಳುಪನ್ನು ಕಾಲುಗಂಟೆ ನೋಡಿದರೆ ಅದೇ ಶುದ್ಧವಾದ ಬಿಳುಪೆನ್ನಿಸುತ್ತದೆ. ಕಣ್ಣೂ ಹೊಂದಿಕೊಂಡು, ಪರದೆಯೂ ಹೊಗಳಿದರೆ, ಚಿತ್ರಗಾರನಿಗೆ ನಿಜವನ್ನು ಹೇಳುವವರೇ ಇಲ್ಲವಾಗುತ್ತಾರೆ.

ಹೊಸ ಪರದೆ ಬೇಕೆಂಬ ಮಾತು ಹೀಗೆ ಹುಟ್ಟಿತು. ಹಣ ಮನೆಯಲ್ಲಿ ಇಲ್ಲದೆ ಇರಲಿಲ್ಲ. ಆದರೆ ಅದು ಬೇರೊಂದು ಕಾರ್ಯಕ್ಕೆ ತೆಗೆದಿಟ್ಟ ಹಣ. ನಡುಕೋಣೆಯ ಟೆಲಿವಿಷನ್ನಿನ ಬಲಮೂಲೆಯಲ್ಲಿ ಒಂದು ವರ್ಷದಿಂದ ಕರಿಯ ನೆರಳು ಕುಳಿತಿತ್ತು. ಅಜ್ಜಿಯ ಧಾರಾವಾಹಿಯಲ್ಲಿ ಬಲಗಡೆ ನಿಂತವರ ಮುಖ ಕಾಣುತ್ತಿರಲಿಲ್ಲ. ಕ್ರಿಕೆಟ್ಟಿನ ದಿನ ಅಂಕಗಳು ಆ ನೆರಳಿನೊಳಗೆ ಅಡಗುತ್ತಿದ್ದವು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಅಣ್ಣ ಫೋನಿನಲ್ಲಿಯೇ ತೀರ್ಪನ್ನು ಹೇಳಿಬಿಟ್ಟ: ೪೩ ಇಂಚಿನ ೪ಕೆ ಟೆಲಿವಿಷನ್ನೊಂದನ್ನು ತಂದರೆ ಹಗಲು ತಂಗಿಯ ಚಿತ್ರಕ್ಕೂ ಸಂಜೆ ಮನೆಯವರ ನೋಟಕ್ಕೂ ಆಯಿತು, ಒಂದೇ ಕಲ್ಲಿಗೆ ಎರಡು ಹಕ್ಕಿ. ತಾಯಿಗೆ ಇದು ಒಪ್ಪಿಗೆಯಾಯಿತು. ಮೇಷ್ಟರಿಗೂ ಸರಿಯೆಂದೇ ತೋರಿತು. ಮಗಳೊಬ್ಬಳೇ ಮಾತನಾಡಲಿಲ್ಲ. ಬೇಡವೆಂದರೆ ಮನೆಯವರೆಲ್ಲರ ಸಂಜೆಯನ್ನು ಕಸಿದುಕೊಂಡಂತೆ. ಬೇಕೆಂದರೆ ತನ್ನ ಕೆಲಸವನ್ನು ಮನರಂಜನೆಯ ಬಿಡುವಿನಲ್ಲಿ ನಡೆಯುವ ಹವ್ಯಾಸವೆಂದು ತಾನೇ ಒಪ್ಪಿಕೊಂಡಂತೆ.

ರಾತ್ರಿ ಊಟವಾದ ಮೇಲೆ ಮೇಷ್ಟರೇ ಮಾತೆತ್ತಿದರು.

"ಯಾಕಮ್ಮಾ ಸುಮ್ಮನಿದ್ದೀಯೆ? ಪರದೆ ದೊಡ್ಡದಾದರೆ ನಿನಗೇ ಅನುಕೂಲವಲ್ಲವೆ?"

"ದೊಡ್ಡದಾಗಿ ಕಾಣಬೇಕೆಂಬ ಆಸೆ ನನಗಿಲ್ಲ ಅಪ್ಪಾ. ನಾನು ಹಾಕಿದ ಬಣ್ಣ ಹಾಕಿದ ಹಾಗೆ ಕಾಣಬೇಕು. ನೀವು ಹುಡುಗರಿಗೆ ಹೇಳುತ್ತಿದ್ದಿರಲ್ಲ, ಇದೆಯೆಂದು ತಿಳಿದದ್ದನ್ನು ಬರೆಯಬೇಡಿ, ಕಂಡದ್ದನ್ನು ಬರೆಯಿರಿ ಎಂದು. ಕಂಡದ್ದೇ ಸುಳ್ಳಾದರೆ ನಾನೇನು ಬರೆಯಲಿ?"

ಮೇಷ್ಟರು ಸ್ವಲ್ಪ ಹೊತ್ತು ಉತ್ತರ ಕೊಡಲಿಲ್ಲ. ಬಳಿಕ, "ಹಾಗಾದರೆ ಪರೀಕ್ಷೆ ಮಾಡಿಯೇ ನೋಡೋಣ" ಎಂದರು. ಮೂವತ್ತು ವರ್ಷ ಪರೀಕ್ಷೆ ನಡೆಸಿದವರಿಗೆ ಅದು ಸಹಜವಾದ ಮಾತು.

ಪ್ರಶ್ನಪತ್ರಿಕೆಯನ್ನು ತಂದೆ ಮಗಳು ಕೂಡಿ ಸಿದ್ಧಪಡಿಸಿದರು. ಅದೊಂದು ಚಿತ್ರ. ನಾಲ್ಕು ಅಂಚಿಗೂ ತಾಗಿದಂತೆ ಒಂದೇ ಬಿಂದುವಿನ ದಪ್ಪದ ಬಿಳಿಯ ಗೆರೆ. ಒಳಗೆ ಕಪ್ಪಿನಿಂದ ಬಿಳುಪಿಗೆ ಏರುವ ಹದಿನಾರು ಬೂದುಬಣ್ಣದ ಮೆಟ್ಟಲುಗಳು. ಅದರ ಕೆಳಗೆ ಕಪ್ಪಿನಿಂದ ಬಿಳುಪಿಗೆ ಮೆಟ್ಟಲಿಲ್ಲದೆ ಜಾರುವ ಒಂದು ಪಟ್ಟಿ. ನೀಲಿಯ ನೆಲದ ಮೇಲೆ ಕೆಂಪು ಬಣ್ಣದ ಸಣ್ಣ ಅಕ್ಷರಗಳು. ಕೊನೆಗೆ ಆ ಗೂಬೆಯ ಮರಿ. ಇದನ್ನು ಒಂದು ಪೆನ್‌ಡ್ರೈವಿಗೆ ತುಂಬಿ, ಲ್ಯಾಪ್‌ಟಾಪನ್ನೂ ಕೈಚೀಲದಲ್ಲಿಟ್ಟುಕೊಂಡು ಇಬ್ಬರೂ ಅಂಗಡಿಗೆ ಹೋದರು.

ಅಂಗಡಿಯ ಹುಡುಗ ವಿನಯಶಾಲಿ. ೪೩ ಇಂಚಿನ ಟೆಲಿವಿಷನ್ನಿಗೆ ತಂತಿಯನ್ನು ಜೋಡಿಸಿಕೊಟ್ಟ. ಬಿಳಿಯ ಗೆರೆ ನಾಲ್ಕು ಕಡೆಯೂ ಮಾಯವಾಗಿತ್ತು. ಪರದೆ ಅಂಚನ್ನು ನುಂಗಿತ್ತು. ಕಪ್ಪಿನ ಕಡೆಯ ಮೂರು ಮೆಟ್ಟಲುಗಳು ಒಂದಾಗಿದ್ದವು. ಕೆಂಪು ಅಕ್ಷರಗಳು ಒದ್ದೆಯಾದ ಕಾಗದದ ಮೇಲೆ ಬರೆದಂತೆ ಹರಡಿಕೊಂಡಿದ್ದವು. ಗೂಬೆಯ ಮರಿಯ ಪ್ರತಿಯೊಂದು ಗರಿಯ ಬದಿಯಲ್ಲಿಯೂ ಅವಳು ಬರೆಯದ ಬಿಳಿಯ ಗೆರೆಯೊಂದು ಹೊಳೆಯುತ್ತಿತ್ತು. ಆದರೂ ಮೊದಲ ನೋಟಕ್ಕೆ ಚಿತ್ರ ಬಹು ಸೊಗಸಾಗಿಯೇ ಇತ್ತೆಂಬುದನ್ನು ಒಪ್ಪಬೇಕು. ಅಲ್ಲಿದ್ದ ಬೇರೆ ಗಿರಾಕಿಗಳು ತಿರುಗಿ ನೋಡಿದರು.

ಇಷ್ಟಕ್ಕೇ ಟೆಲಿವಿಷನ್ನನ್ನು ಸುಳ್ಳುಗಾರನೆಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತಿತ್ತು. ಹುಡುಗನಿಗೆ ತನ್ನ ಸರಕಿನ ಒಳಗುಟ್ಟು ಗೊತ್ತಿತ್ತು. ತಂತಿ ಬರುತ್ತಿರುವುದು ಕಂಪ್ಯೂಟರಿನಿಂದ ಎಂದು ಅದಕ್ಕೆ ತಿಳಿಸಿದ. ಅಂಚು ಮರಳಿತು, ಅಕ್ಷರಗಳು ಗಟ್ಟಿಯಾದುವು. ಸಾಣೆ ಹಿಡಿಯುವ ಗುಣವನ್ನು ಇಳಿಸಿದ. ಗರಿಗಳ ಬದಿಯ ಹುಸಿಗೆರೆ ಹೋಯಿತು. ನಿರ್ದೇಶಕರು ಉದ್ದೇಶಿಸಿದಂತೆಯೇ ಚಲನಚಿತ್ರ ಕಾಣಲಿ ಎಂದು ೨೦೨೦ರಿಂದ ಕೆಲವು ಟೆಲಿವಿಷನ್ನುಗಳಲ್ಲಿ 'ಫಿಲ್ಮ್‌ಮೇಕರ್ ಮೋಡ್' ಎಂಬ ಏರ್ಪಾಡು ಬಂದಿದೆ, ಅದನ್ನು ಹಾಕಿದ. ನೀಲಿಗಳು ತಣ್ಣಗಾದುವು, ಕಪ್ಪಿನ ಮೂರು ಮೆಟ್ಟಲುಗಳಲ್ಲಿ ಎರಡು ಬೇರೆಯಾಗಿ ನಿಂತವು. ಮೇಷ್ಟರು ಬೆರಗಾಗಿ, "ಇಷ್ಟು ಒಳ್ಳೆಯದಾಗಿರಬಲ್ಲದ್ದನ್ನು ಮೊದಲೇ ಹೀಗೇಕೆ ಇಟ್ಟಿಲ್ಲಪ್ಪ?" ಎಂದು ಕೇಳಿದರು.

"ಹೀಗಿಟ್ಟರೆ ಯಾರೂ ಕೊಳ್ಳುವುದಿಲ್ಲ ಸಾರ್. ಮಂಕಾಗಿದೆ ಅನ್ನುತ್ತಾರೆ" ಎಂದ ಹುಡುಗ.

ತಂದೆ ಮಗಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಇಡೀ ವ್ಯವಹಾರದ ತಿರುಳು ಆ ಹುಡುಗನ ಮಾತಿನಲ್ಲಿತ್ತು.

ಮೇಷ್ಟರು ಲೆಕ್ಕದಲ್ಲಿಯೂ ಬಲ್ಲವರು. ಅಂಗಡಿಯವರ ಚೀಟಿಯ ಹಿಂಬದಿಯಲ್ಲಿಯೇ ಗುಣಿಸಿ ಭಾಗಿಸಿದರು. ೪೩ ಇಂಚಿನ ೪ಕೆ ಟೆಲಿವಿಷನ್ನಿನಲ್ಲಿ ಅಡ್ಡಕ್ಕೆ ೩೮೪೦, ಉದ್ದಕ್ಕೆ ೨೧೬೦ ಬಿಂದುಗಳು. ಎಂದರೆ ಇಂಚಿಗೆ ಸುಮಾರು ೧೦೨. ಎದುರಿನ ಸಾಲಿನಲ್ಲಿದ್ದ ೨೭ ಇಂಚಿನ ಮಾನಿಟರಿನಲ್ಲಿ ೨೫೬೦ಕ್ಕೆ ೧೪೪೦. ಇಂಚಿಗೆ ಸುಮಾರು ೧೦೯. ಈ ಎಣಿಕೆಯಲ್ಲಿ ಹೇಳಿಕೊಳ್ಳುವಂತಹ ಅಂತರವಿಲ್ಲ. ೧೯೨೦ಕ್ಕೆ ೧೦೮೦ ಬಿಂದುಗಳ ೩೨ ಇಂಚಿನ ಟೆಲಿವಿಷನ್ನಾಗಿದ್ದರೆ ಇಂಚಿಗೆ ೬೯ ಮಾತ್ರ ಬಂದು, ಹತ್ತಿರ ಕುಳಿತವರಿಗೆ ಗೆರೆಗಳು ಗರಗಸದ ಹಲ್ಲಿನಂತೆ ಕಾಣುತ್ತಿದ್ದವು. ೪೩ ಇಂಚಿನ ತೊಡಕು ಬೇರೆ. ಅದರ ಅಗಲ ೯೫ ಸೆಂಟಿಮೀಟರು. ಚಿತ್ರ ಬರೆಯುವವರು ಪರದೆಯಿಂದ ೬೦ ಸೆಂಟಿಮೀಟರಿನಷ್ಟು ದೂರದಲ್ಲಿ ಕುಳಿತರೆ ಅದರ ಎರಡು ಬದಿಗಳನ್ನೂ ಸುಮಾರು ೩೮ ಡಿಗ್ರಿಯ ಓರೆಯಿಂದ ನೋಡಬೇಕಾಗುತ್ತದೆ. ೨೭ ಇಂಚಿನದರಲ್ಲಿ ಆ ಓರೆ ಸುಮಾರು ೨೬ ಡಿಗ್ರಿ. ಕೆಲವು ಬಗೆಯ ಪರದೆಗಳಲ್ಲಿ ಓರೆಯಿಂದ ನೋಡಿದ ಬಣ್ಣ ತಿಳಿಯಾಗಿಬಿಡುತ್ತದೆ. ಹೀಗೆ ಒಂದೇ ನೀಲಿ ನಡುವೆ ಒಂದು ಬಗೆ, ಮೂಲೆಯಲ್ಲಿ ಇನ್ನೊಂದು ಬಗೆ, ಕತ್ತಿಗೂ ಬಿಡುವಿಲ್ಲ.

ಇನ್ನೂ ಒಂದು ಸಂಗತಿ ಮಗಳ ಕೈಗೆ ಮಾತ್ರ ತಿಳಿಯುವಂತಹದು. ಟೆಲಿವಿಷನ್ ತನಗೆ ಬಂದ ಚಿತ್ರವನ್ನು ತಿದ್ದಿ ತೀಡಿ ತೋರಿಸುವುದರಿಂದ, ಲೇಖನಿ ಆಡಿದ ಮೇಲೆ ಗೆರೆ ಕಾಣಿಸಿಕೊಳ್ಳಲು ಸ್ವಲ್ಪ ಹೊತ್ತಾಗುತ್ತದೆ. ತಿದ್ದುವುದೆಲ್ಲವನ್ನೂ ಬಿಡದಿದ್ದರೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟೂ ಆದೀತು. ಸಿನಿಮಾ ನೋಡುವವರಿಗೆ ಅದು ಗೊತ್ತೇ ಆಗದು. ಗೆರೆ ಎಳೆಯುವ ಕೈಗಾದರೋ, ತಾಳ ತಪ್ಪಿದ ಪಕ್ಕವಾದ್ಯದವನೊಡನೆ ಹಾಡಿದಂತಾಗುತ್ತದೆ. ಆಟವಾಡುವವರಿಗಾಗಿ ಇರುವ 'ಗೇಮ್ ಮೋಡ್' ಹಾಕಿದರೆ ಈ ತಡ ಬಹಳಷ್ಟು ಇಳಿಯುತ್ತದೆಂಬುದೂ ನಿಜ.

ಬಳಿಕ ಮಾನಿಟರುಗಳ ಸರದಿ. ಮೊದಲು ನೋಡಿದ್ದು ಎಲ್ಲಕ್ಕಿಂತ ಅಗ್ಗವಾದದ್ದನ್ನು. ಅಂಚು ಸರಿಯಾಗಿತ್ತು, ಅಕ್ಷರಗಳು ಸ್ಪಷ್ಟವಾಗಿದ್ದವು. ಆದರೆ ಕುರ್ಚಿಯಿಂದ ಎದ್ದು ನಿಂತರೆ ಗೂಬೆಯ ಬಣ್ಣವೇ ಬದಲಾಯಿತು, ಮೆಟ್ಟಲಿಲ್ಲದ ಪಟ್ಟಿಯಲ್ಲಿ ಅಲ್ಲಲ್ಲಿ ಮೆಟ್ಟಲು ಕಾಣಿಸಿಕೊಂಡಿತು. ಕಸ್ತೂರಬಾ ರಸ್ತೆಯ ಚಿತ್ರಶಾಲೆಯಲ್ಲಿ ಕೆ. ವೆಂಕಟಪ್ಪನವರ ಉದಕಮಂಡಲದ ಜಲವರ್ಣಚಿತ್ರಗಳ ಮುಂದೆ ಗಂಟೆಗಟ್ಟಲೆ ನಿಂತಿದ್ದ ಮೇಷ್ಟರಿಗೆ, ಮಂಜು ಎಲ್ಲಿ ಮುಗಿದು ಬೆಟ್ಟ ಎಲ್ಲಿ ಮೊದಲಾಯಿತೆಂದು ತಿಳಿಯದ ಆ ನಯ ಕಣ್ಣಿಗೆ ಕಟ್ಟಿತ್ತು. ಮಂಜನ್ನು ಮೆಟ್ಟಲು ಕಡಿಯುವ ಪರದೆ ಅವರಿಗೆ ಹಿಡಿಸಲಿಲ್ಲ. ಆದಕಾರಣ ಮಾನಿಟರೆಂಬ ಹೆಸರೊಂದೇ ಸತ್ಯಕ್ಕೆ ಪ್ರಮಾಣವಾಗಲಾರದು. ಎರಡನೆಯದಾಗಿ ನೋಡಿದ ೨೭ ಇಂಚಿನದು ಐಪಿಎಸ್ ಎಂಬ ಬಗೆಯದು. ಓರೆಯಿಂದ ನೋಡಿದರೂ ಅದರ ಬಣ್ಣ ಹೆಚ್ಚು ಕದಲಲಿಲ್ಲ. ಹದಿನಾರು ಮೆಟ್ಟಲುಗಳೂ ಎಣಿಕೆಗೆ ಸಿಕ್ಕವು. ಮಗಳು ಅದರ ಬೆಳಕನ್ನು ಅರ್ಧಕ್ಕಿಂತ ಕೆಳಗಿಳಿಸಿದಳು. ಆಗ ಗೂಬೆಯ ಮರಿ ಕತ್ತಲೆಯಲ್ಲಿ ಮುಳುಗಿತು. ಅಚ್ಚಾದ ಪುಟದಲ್ಲಿ ಹೇಗಿತ್ತೋ ಬಹುಮಟ್ಟಿಗೆ ಹಾಗೆಯೇ ಕಂಡಿತು. ತನ್ನ ಚಿತ್ರ ಕೆಟ್ಟು ಕಂಡದ್ದಕ್ಕೆ ಅವಳಿಗೆ ಸಂತೋಷವಾದದ್ದು ಅದೇ ಮೊದಲು.

ದಾರಿಯಲ್ಲಿ ಬರುವಾಗ ಮೇಷ್ಟರು ಹೆಸರುಗಳ ವಿಚಾರವನ್ನೆತ್ತಿದರು. ಟೆಲಿವಿಷನ್ ಎಂಬ ಮಾತಿಗೆ ಮೂಲಾರ್ಥ ದೂರದ್ದನ್ನು ಕಾಣುವುದು; ದೂರದರ್ಶನವೆಂಬ ಹೆಸರು ಅದಕ್ಕೆ ಚೆನ್ನಾಗಿಯೇ ಒಪ್ಪಿದೆ. ಮಾನಿಟರ್ ಎಂಬುದಾದರೋ ಎಚ್ಚರಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ತರಗತಿಗೊಬ್ಬ ಮಾನಿಟರನ್ನು ನೇಮಿಸುತ್ತಿದ್ದ ದಿನಗಳು ಅವರಿಗೆ ನೆನಪಾದುವು. ಮೇಷ್ಟರಿಲ್ಲದಾಗ ಗದ್ದಲಮಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವ ಆ ಹುಡುಗನನ್ನು ತರಗತಿಯಲ್ಲಿ ಯಾರೂ ಮೆಚ್ಚುತ್ತಿರಲಿಲ್ಲ. ಆದರೆ ಅವನಿಲ್ಲದೆ ಪಾಠ ನಡೆಯುತ್ತಿರಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ವಿವರಿಸಿದ್ದಾಯಿತು. ಎರಡಕ್ಕೂ ಹಣವಿಲ್ಲವೆಂಬುದು ಮಾತ್ರ ವಿವರಣೆಯಿಂದ ಕರಗುವ ಸಂಗತಿಯಲ್ಲ. ತಾಯಿ ಅಜ್ಜಿಯ ಕಡೆಗೆ ನೋಡಿದರು. ಸಂಜೆಯ ಹೊತ್ತಿನ ಆ ಒಂದು ಗಂಟೆಯಲ್ಲದೆ ವೃದ್ಧೆಗೆ ಬೇರೆ ವಿನೋದವಿರಲಿಲ್ಲ. ಅಜ್ಜಿ ಕೈಯಲ್ಲಿದ್ದ ಹೂಬತ್ತಿಯನ್ನು ಹೊಸೆಯುತ್ತಲೇ ಹೇಳಿದರು:

"ಆ ಮೂಲೇಲಿ ನಿಂತೋರು ಇಷ್ಟು ದಿನದಿಂದ ಒಂದೂ ಒಳ್ಳೆ ಮಾತಾಡಿಲ್ಲ. ಅವರ ಮುಖ ಕಾಣದಿದ್ದರೆ ನನಗೇನೂ ನಷ್ಟವಿಲ್ಲ. ಮಗು ಅವತ್ತು ಊಟ ಬಿಟ್ಟು ಮಲಗಿದಳಲ್ಲ, ಅದು ಇನ್ನೊಂದು ಸಲ ಆಗಬಾರದು. ಅವಳಿಗೆ ಬೇಕಾದ್ದು ಮೊದಲು ಬರಲಿ."

ಎಲ್ಲರೂ ನಕ್ಕರು; ಮಗಳು ಮಾತ್ರ ನಗಲಿಲ್ಲ. ಅವಳ ಕೆಲಸವನ್ನು ಕೆಲಸವೆಂದು ಆ ಮನೆಯಲ್ಲಿ ಬಾಯಿಬಿಟ್ಟು ಒಪ್ಪಿದವರಲ್ಲಿ ಮೊದಲಿಗರು ಚಿತ್ರಕಲೆಯ ಹೆಸರನ್ನೂ ಕೇಳದ ಅಜ್ಜಿ.

ಮಾನಿಟರು ಉತ್ತರದ ಕಿಟಕಿಯ ಕೋಣೆಗೆ ಬಂದಿತು. ಉತ್ತರದ ಬೆಳಕು ಚಿತ್ರಗಾರರಿಗೆ ಶ್ರೇಷ್ಠವೆಂಬುದು ಯೂರೋಪಿನವರ ಮಾತು. ಅಲ್ಲಿ ಆ ಕಿಟಕಿಗೆ ನಡುಹಗಲಿನ ಬಿಸಿಲು ತಾಗುವುದಿಲ್ಲ. ಮೈಸೂರಿನಲ್ಲಾದರೋ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ತಿಂಗಳ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಇದನ್ನು ಬಲ್ಲ ಮೇಷ್ಟರು ಕಿಟಕಿಗೆ ದಪ್ಪನೆಯ ಬೂದುಬಣ್ಣದ ಪರದೆಯನ್ನು ಹೊಲಿಸಿ ಹಾಕಿಸಿದರು. ಪರಿಚಿತರಾದ ಛಾಯಾಗ್ರಾಹಕರೊಬ್ಬರು ಬಣ್ಣವನ್ನು ಅಳೆಯುವ ಪುಟ್ಟ ಯಂತ್ರವನ್ನು ಎರಡು ದಿನದ ಮಟ್ಟಿಗೆ ಕೊಟ್ಟರು. ಅದು ಪರದೆಯ ಗಾಜಿಗೆ ಅಂಟಿಕೊಂಡು ಒಂದೊಂದಾಗಿ ಬಣ್ಣಗಳನ್ನು ಅಳೆದು, ಎಸ್‌ಆರ್‌ಜಿಬಿಯ ವಿಧಿಗೆ ಎಲ್ಲೆಲ್ಲಿ ತಪ್ಪಿದೆಯೆಂಬುದನ್ನು ಕಂಡು ತಿದ್ದಿತು. ಬೆಳಕನ್ನು ೧೦೦ ಕ್ಯಾಂಡೆಲಾಗಳಿಗೆ ನಿಲ್ಲಿಸಿದ್ದಾಯಿತು. ಮೊದಲ ಎರಡು ದಿನ ಮಗಳಿಗೆ ಎಲ್ಲವೂ ಸಪ್ಪೆಯಾಗಿ ಕಂಡಿತು. ಮೂರನೆಯ ದಿನ ಕಣ್ಣು ಒಗ್ಗಿಕೊಂಡಿತು. ಸತ್ಯಕ್ಕೂ ಕಣ್ಣು ಒಗ್ಗಿಕೊಳ್ಳುತ್ತದೆಂಬುದು ಸಮಾಧಾನದ ವಿಷಯ.

ಗೂಬೆಯ ಪುಟವನ್ನು ಅವಳು ಹೊಸದಾಗಿ ಬರೆದಳು. ಕರಡಚ್ಚು ಬಂದಾಗ ಏಳು ನೀಲಿಗಳಲ್ಲಿ ಐದು ಉಳಿದಿದ್ದವು, ಮರಿ ಪೊಟರೆಯಿಂದ ಇಣುಕುತ್ತಿತ್ತು. ಎಲ್ಲವೂ ಸರಿಹೋಯಿತೆಂದಲ್ಲ. ಗಿಣಿಯ ರೆಕ್ಕೆಯ ಹಸುರು ಪರದೆಯ ಮೇಲಿದ್ದಂತೆ ಕಾಗದದ ಮೇಲೆ ಬರಲಿಲ್ಲ. ಬೆಳಕುಗಳು ಕೂಡಿ ಹುಟ್ಟಿಸುವ ಕೆಲವು ಬಣ್ಣಗಳನ್ನು ಅಚ್ಚಿನ ನಾಲ್ಕು ಮಸಿಗಳು ಎಷ್ಟು ಬೆರೆತರೂ ಹುಟ್ಟಿಸಲಾರವು. ಮೇಷ್ಟರು ಯೌವನದಲ್ಲಿ ಬರೆದ ಮೈಸೂರು ಸಂಪ್ರದಾಯದ ಲಕ್ಷ್ಮಿಯ ಪಟವೊಂದು ದೇವರ ಕೋಣೆಯಲ್ಲಿದೆ. ದೀಪ ಅಲುಗಿದರೆ ಅದರ ಚಿನ್ನದ ರೇಕು ತಾನೂ ಅಲುಗಿದಂತೆ ಮಿನುಗುತ್ತದೆ. ಆ ಮಿನುಗನ್ನು ಎಷ್ಟು ಬೆಲೆಯ ಮಾನಿಟರೂ ತೋರಿಸದು, ಎಷ್ಟು ದೊಡ್ಡ ಟೆಲಿವಿಷನ್ನೂ ತೋರಿಸದು. ಅವಕ್ಕೆ ಬಣ್ಣ ಗೊತ್ತು, ಎದುರಿನ ದೀಪ ಗೊತ್ತಿಲ್ಲ. ತನ್ನ ಎಲ್ಲೆ ಎಲ್ಲಿಯವರೆಗೆಂಬುದನ್ನು ತಿಳಿಸುವುದೂ ಒಳ್ಳೆಯ ಸಾಕ್ಷಿಯ ಲಕ್ಷಣವೇ.

ಪ್ರಕಾಶಕರು ಮುಂದಿನ ಪುಸ್ತಕದ ಕೆಲಸವನ್ನೂ ಕೊಟ್ಟರು. ಅದು ಮುಗಿದ ದಿನ ಮಗಳು ಚಿತ್ರಗಳನ್ನೆಲ್ಲ ನಡುಕೋಣೆಯ ಹಳೆಯ ಟೆಲಿವಿಷನ್ನಿನಲ್ಲಿ ಹಾಕಿದಳು. ಮನೆಯವರೆಲ್ಲ ಹತ್ತು ಅಡಿ ದೂರದಲ್ಲಿ ಕುಳಿತು ನೋಡಿದರು. ಬಲಮೂಲೆಯ ನೆರಳು ಹಾಗೆಯೇ ಇತ್ತು. ಕೆರೆಯ ನೀರು ಅವಳು ಹಾಕಿದ್ದಕ್ಕಿಂತ ನೀಲಿಯಾಗಿತ್ತು, ಹುಡುಗಿಯ ಲಂಗ ಬೇಕಾದುದಕ್ಕಿಂತ ಕೆಂಪಾಗಿತ್ತು. ಅಜ್ಜಿ ಕೈಮುಗಿದರು. ಬಣ್ಣ ತಪ್ಪಿದೆಯೆಂದು ಅವಳು ಹೇಳಲಿಲ್ಲ; ಹೇಳಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ.

ಕಾವ್ಯಮೀಮಾಂಸೆಯನ್ನು ಬರೆದ ರಾಜಶೇಖರ ಪ್ರತಿಭೆಯನ್ನು ಕಾರಯಿತ್ರಿಯೆಂದೂ ಭಾವಯಿತ್ರಿಯೆಂದೂ ಎರಡಾಗಿ ವಿಂಗಡಿಸಿದ್ದಾನೆ. ಮಾಡುವವನಿಗೆ ಬೇಕಾದದ್ದು ಮೊದಲನೆಯದು, ಸವಿಯುವವನಿಗೆ ಬೇಕಾದದ್ದು ಎರಡನೆಯದು. ವಸ್ತುಗಳಲ್ಲಿಯೂ ಈ ಭೇದವುಂಟು. ಬರಿಯ ನೋಟಕ್ಕೆ, ದೊಡ್ಡ ಗೋಡೆಗೆ, ಹತ್ತು ಜನ ಕೂಡಿ ಕಾಣುವುದಕ್ಕೆ ಟೆಲಿವಿಷನ್ನೇ ತಕ್ಕದ್ದು. ಒಬ್ಬರೇ ಕುಳಿತು ಒಂದೊಂದೇ ಗೆರೆಗೆ ಜವಾಬು ಹೇಳಬೇಕಾದ ಕಡೆಯಲ್ಲಿ, ಚಿಕ್ಕದಾದರೂ ಚಿಂತೆಯಿಲ್ಲ, ಕೊಟ್ಟದ್ದನ್ನು ಕೊಟ್ಟಂತೆ ತೋರಿಸುವ ಮಾನಿಟರು ಬೇಕು. ಹಣ ಎರಡಕ್ಕೂ ಸಾಲದಿದ್ದಲ್ಲಿ, ಹತ್ತಿರದಲ್ಲಿ ಕುಳಿತು ದುಡಿಯುವವರ ಅಗತ್ಯ ಮೊದಲು, ದೂರದಲ್ಲಿ ಕುಳಿತು ಸವಿಯುವವರದು ಅನಂತರ. ಇರುವ ಟೆಲಿವಿಷನ್ನಿನಲ್ಲಿಯೇ ಚಿತ್ರ ಬರೆಯಬೇಕಾಗಿ ಬಂದವರೂ ಎದೆಗುಂದಬೇಕಾಗಿಲ್ಲ. ಅದರ ಹೊಗಳಿಕೆಯ ಗುಂಡಿಗಳನ್ನೆಲ್ಲ ಒಂದೊಂದಾಗಿ ಆರಿಸಿ, ಬೆಳಕನ್ನು ಇಳಿಸಿ, ಅಚ್ಚಿನ ಹಾಳೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು ನಡೆಸಿದರೆ ಅದೂ ಸಾಕಷ್ಟು ನಿಜವನ್ನು ನುಡಿದೀತು.

ಮಾಡುವಾಗ ಎಚ್ಚರಿಸುವವರು, ಮಾಡಿ ಮುಗಿಸಿದ ಮೇಲೆ ಮೆಚ್ಚುವವರು, ಇಬ್ಬರೂ ಮನೆಯಲ್ಲಿರುವುದು ಭಾಗ್ಯ. ಕ್ರಮ ಹಿಂದುಮುಂದಾಗದಿದ್ದರೆ ಸರಿ.